ಶಾಮಿನ ಬಾಗಿಲಲ್ಲಿ ಚಾಪೆ ಹಾಸಿ ಕುಳಿತ ಅಮೀರ್

ನಮ್ಮ ಬ್ಯಾರಿ ಕುಟುಂಬಗಳಲ್ಲಿ ಅಬ್ದುಲ್ ಖಾದರ್ ಎಂಬ ಹೆಸರಿಲ್ಲದ ಮನೆ ಹುಡುಕುವುದು ಕಷ್ಟ. ಅಜ್ಜನಿಗೂ ಅದೇ ಹೆಸರು, ಮೊಮ್ಮಗನಿಗೂ ಅದೇ. ಬಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಮೇಲಿನ ಪ್ರೀತಿ ನಮಗೆ ಮುಹ್ಯಿದ್ದೀನ್ ಮಾಲೆ, ರಾತೀಬುಗಳ ಮೂಲಕ ತಲೆತಲಾಂತರದಿಂದ ಬಂದದ್ದು. ಇಲ್ಲಿಂದ ಸಾವಿರಾರು ಮೈಲಿ ದೂರದ ಅಲ್ಜೀರಿಯಾದಲ್ಲೂ ಆ ಪ್ರೀತಿ ಇತ್ತು. ಅಲ್ಲಿನ ಮಸ್ಕರ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ, ಖಾದಿರಿಯ್ಯಾ ತರೀಖತ್ತಿನ ಮನೆತನವೊಂದರಲ್ಲಿ 1808ರಲ್ಲಿ ಗಂಡು ಮಗುವೊಂದು ಹುಟ್ಟಿತು. ತಂದೆಯ ಹೆಸರು ಮುಹ್ಯಿದ್ದೀನ್. ಮಗುವಿಗೆ ಅಬ್ದುಲ್ ಖಾದಿರ್ ಅಂತ ಹೆಸರಿಟ್ಟರು.

ಅಮೀರ್ ಅಬ್ದುಲ್ ಖಾದಿರ್ ಅಲ್ ಜಝಾಇರಿ ಎಂದರೆ ಚರಿತ್ರೆ ಓದಿದವರಿಗೆ ಕುದುರೆ ಮೇಲೆ ಕತ್ತಿ ಹಿಡಿದು ಕುಳಿತ ಚಿತ್ರವೇ ನೆನಪಾಗುತ್ತದೆ. ಹದಿನೈದು ವರ್ಷ ಫ್ರೆಂಚರ ಸೈನ್ಯವನ್ನು ಎದುರಿಸಿ ನಿಂತವರು. ಅದೂ ನಿಜವೇ. ಆದರೆ ಯುದ್ಧಕ್ಕಿಂತ ಕಷ್ಟದ ಎರಡು ಕೆಲಸ ಅವರ ಪಾಲಿಗೆ ಬಂತು. ಒಂದು, ಕೈಗೆ ಸಿಕ್ಕಿದ ಶತ್ರುವಿಗೆ ಅನ್ನ ಹಾಕಿ ಜೀವ ಉಳಿಸುವುದು. ಇನ್ನೊಂದು, ತನ್ನದೇ ದೀನಿನವರು ಕತ್ತಿ ಹಿಡಿದು ಬಂದಾಗ ನೆರೆಹೊರೆಯ ಕ್ರೈಸ್ತರನ್ನು ಕಾಪಾಡುವುದು. ಈ ವಾರ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಅವರ ಬಾಲ್ಯ ಕಳೆದದ್ದು ತಂದೆಯ ಝಾವಿಯಾದಲ್ಲಿ. ಅಲ್ಲಿ ಓದುವ ಮುತಅಲ್ಲಿಮರು, ದಾರಿಹೋಕರು, ಬಡವರು ಎಲ್ಲರಿಗೂ ಊಟ, ಮಲಗಲು ಜಾಗ. ಉಮ್ಮ ಝೊಹ್ರಾ ಓದು ಬರಹ ಬಲ್ಲವರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಹದಿಹರೆಯದಲ್ಲೇ ಹುಡುಗ ಖುರ್‌ಆನ್ ಹಿಫ್ಳ್ ಮಾಡಿ ಮುಗಿಸಿದ. 1825ರಲ್ಲಿ ತಂದೆಯ ಜೊತೆ ಹಜ್ಜಿಗೆ ಹೊರಟ. ಕೈರೋ ನೋಡಿದ, ಮಕ್ಕಾ ಮದೀನಾ ಮುಗಿಸಿ ಶಾಮಿಗೆ ಹೋದ, ಅಲ್ಲಿಂದ ಬಗ್ದಾದಿಗೆ ಹೋಗಿ ತನ್ನ ಹೆಸರಿನ ಶೈಖ್‌ರ ಝಿಯಾರತ್ ಮಾಡಿದ. ಊರಿಗೆ ಮರಳುವಾಗ ಎರಡು ವರ್ಷ ದಾಟಿತ್ತು. ಅಂದು ಹಾದುಹೋದ ಶಾಮಿನಲ್ಲೇ ಮುಂದೆ ತನ್ನ ಕಡೆಯ ಇಪ್ಪತ್ತೇಳು ವರ್ಷ ಕಳೆಯಲಿಕ್ಕಿದೆ ಎಂದು ಆ ಹುಡುಗನಿಗೆ ಗೊತ್ತಿರಲಿಲ್ಲ.

1830ರಲ್ಲಿ ಫ್ರೆಂಚರು ಅಲ್ಜಿಯರ್ಸ್ ನಗರವನ್ನು ಹಿಡಿದರು. ತುರ್ಕಿ ದೊರೆ ಊರು ಬಿಟ್ಟ. ಒಳನಾಡಿನ ಕಬೀಲೆಗಳಿಗೆ ನಾಯಕನಿಲ್ಲ. ಜನ ಮುದುಕ ಮುಹ್ಯಿದ್ದೀನರ ಬಳಿ ಬಂದು ನೀವೇ ಮುಂದೆ ನಿಲ್ಲಿ ಎಂದರು. ತನಗೆ ವಯಸ್ಸಾಯಿತು ಎಂದು ಅವರು ಮಗನನ್ನು ತೋರಿಸಿದರು. 1832ರ ನವೆಂಬರಿನಲ್ಲಿ ಗ್ರೀಸ್ ಬಯಲಿನ ಒಂದು ಮರದ ಕೆಳಗೆ ಬೈಅತ್ ನಡೆಯಿತು. ಅಮೀರರಿಗೆ ಆಗ ಇಪ್ಪತ್ತನಾಲ್ಕು ವರ್ಷ. ನಮ್ಮಲ್ಲಿ ಆ ಪ್ರಾಯದ ಹುಡುಗರು ಗಲ್ಫಿಗೆ ವೀಸಾ ಕಾಯುತ್ತಿರುತ್ತಾರೆ.

ಯುದ್ಧದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1834ರಲ್ಲಿ ಒಂದು ಒಪ್ಪಂದ, 1837ರಲ್ಲಿ ತಫ್ನಾ ಎಂಬಲ್ಲಿ ಇನ್ನೊಂದು. ಒಳನಾಡಿನ ಬಹುಭಾಗ ಅಮೀರರದ್ದು ಎಂದು ಫ್ರೆಂಚರೇ ಒಪ್ಪಿದರು. 1839ರಲ್ಲಿ ಫ್ರೆಂಚ್ ಪಡೆ ಅವರ ನಾಡಿನೊಳಗೆ ನುಗ್ಗಿತು, ಒಪ್ಪಂದ ಮುರಿಯಿತು, ಮತ್ತೆ ಯುದ್ಧ. ನಡುವೆ ಸಿಕ್ಕಿದ ಸಮಯದಲ್ಲಿ ಅವರು ನಾಣ್ಯ ಅಚ್ಚು ಹಾಕಿಸಿದರು, ಖಾಝಿಗಳನ್ನು ನೇಮಿಸಿದರು, ಝಕಾತ್ ವಸೂಲಿಗೆ ವ್ಯವಸ್ಥೆ ಮಾಡಿದರು, ಕೋಟೆ ಕಟ್ಟಿದರು. ತನಗೆಂದು ಅರಮನೆ ಕಟ್ಟಲಿಲ್ಲ. ಇದ್ದದ್ದು ಡೇರೆ.

ಈಗ ಸೆರೆಯಾಳುಗಳ ವಿಷಯಕ್ಕೆ ಬರೋಣ. ಆ ಯುದ್ಧದಲ್ಲಿ ಶತ್ರುವಿನ ತಲೆ ಕಡಿದು ತಂದವನಿಗೆ ಇನಾಮು ಕೊಡುವ ಪದ್ಧತಿ ಇತ್ತು. ಫ್ರೆಂಚರ ಕಡೆಯವರೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಸೈನಿಕನೊಬ್ಬನನ್ನು ಜೀವಸಹಿತ ಹಿಡಿದು, ಬೆಟ್ಟ ಗುಡ್ಡ ದಾಟಿಸಿ, ತನ್ನ ಪಾಲಿನ ನೀರು ಕುಡಿಸಿ ತರುವುದಕ್ಕಿಂತ ತಲೆ ತರುವುದು ಸುಲಭ. ಅಮೀರರು ಬರೀ ವಅಳ್ ಮಾಡಿ ಸುಮ್ಮನಾಗಲಿಲ್ಲ. ಲೆಕ್ಕವನ್ನೇ ಬದಲಾಯಿಸಿದರು. ತಲೆಗೆ ಇನಾಮು ಇಲ್ಲ, ತಲೆ ತಂದವನಿಗೆ ಶಿಕ್ಷೆ. ಜೀವಂತ ಸೆರೆಯಾಳನ್ನು ಒಪ್ಪಿಸಿದವನಿಗೆ ಬೆಳ್ಳಿ ನಾಣ್ಯ. ಆ ಸೆರೆಯಾಳು ದಾರಿಯಲ್ಲಿ ತನಗೆ ಹೊಡೆದರು, ಬೈದರು ಎಂದು ದೂರು ಹೇಳಿದರೆ ಹಿಡಿದು ತಂದವನ ಇನಾಮೂ ಹೋಯಿತು. ಕೊಲ್ಲುವವನ ಕೈಯನ್ನು ತಡೆಯಬೇಕಾದರೆ ಉಪದೇಶದ ಜೊತೆ ಅವನ ಕಿಸೆಯನ್ನೂ ನೋಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಈ ಮಾತು ನೆನಪಿರಲಿ, ಇಪ್ಪತ್ತು ವರ್ಷದ ನಂತರ ಶಾಮಿನ ಬೀದಿಯಲ್ಲಿ ಇದೇ ಲೆಕ್ಕ ಮತ್ತೆ ಬರುತ್ತದೆ.

ಸೆರೆಯಾದ ಹೆಂಗಸರು ಮಕ್ಕಳನ್ನು ಉಮ್ಮ ಝೊಹ್ರಾ ತನ್ನ ಡೇರೆಯ ಬಳಿಯೇ ಇರಿಸಿ ನೋಡಿಕೊಳ್ಳುತ್ತಿದ್ದರು. ಗಂಡಸರಿಗೆ ಅಮೀರರ ಸೈನಿಕರಿಗೆ ಸಿಗುವ ಊಟವೇ. ಬದ್ರ್‌ನ ಸೆರೆಯಾಳುಗಳಿಗೆ ಸಹಾಬಿಗಳು ರೊಟ್ಟಿ ಕೊಟ್ಟು ತಾವು ಖರ್ಜೂರ ತಿಂದು ದಿನ ಕಳೆದದ್ದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಮಿಸ್ಕೀನನಿಗೆ, ಯತೀಮನಿಗೆ, ಸೆರೆಯಾಳಿಗೆ ಉಣಿಸುವವರ ಬಗ್ಗೆ ಸೂರಾ ಇನ್ಸಾನಿನಲ್ಲಿ ಇರುವುದೂ ಗೊತ್ತು. ಅಮೀರರು ಅದನ್ನು ಸೈನ್ಯದ ಕಾನೂನು ಮಾಡಿದರು.

ಅಲ್ಜಿಯರ್ಸಿನ ಮೊದಲ ಬಿಷಪ್ ಡ್ಯುಪುಚ್ ಎಂಬವರು. ಸೆರೆಯಲ್ಲಿದ್ದ ಒಬ್ಬ ಫ್ರೆಂಚನನ್ನು ಬಿಟ್ಟುಕೊಡಿ ಎಂದು ಅವನ ಹೆಂಡತಿಯ ಪರವಾಗಿ ಅವರು ಅಮೀರರಿಗೆ ಪತ್ರ ಬರೆದರು. ಉತ್ತರ ನೋಡಿ ಬಿಷಪ್ಪರಿಗೇ ನಾಚಿಕೆಯಾಯಿತು. ದೇವರ ಸೇವಕನಾದವನು ಒಬ್ಬನಿಗಾಗಿ ಯಾಕೆ, ಎಲ್ಲ ಕ್ರೈಸ್ತ ಸೆರೆಯಾಳುಗಳಿಗಾಗಿ ಕೇಳಬೇಕಿತ್ತು, ಜೊತೆಗೆ ಫ್ರೆಂಚರ ಜೈಲಿನಲ್ಲಿ ಕೊಳೆಯುತ್ತಿರುವ ಮುಸ್ಲಿಮರಿಗಾಗಿಯೂ ತನ್ನವರನ್ನು ಕೇಳಬೇಕಿತ್ತು ಎಂಬುದು ಅಮೀರರ ಉತ್ತರದ ಸಾರ. ಆ ಪತ್ರದಿಂದ ಮಾತುಕತೆ ಬೆಳೆದು 1841ರಲ್ಲಿ ಎರಡೂ ಕಡೆಯ ಸೆರೆಯಾಳುಗಳ ವಿನಿಮಯ ನಡೆಯಿತು. ಕ್ರೈಸ್ತ ಸೆರೆಯಾಳುಗಳ ಪ್ರಾರ್ಥನೆಗೆ ಒಬ್ಬ ಪಾದ್ರಿಯನ್ನು ಕಳಿಸಿದರೆ ತನ್ನ ಪಾಳೆಯದಲ್ಲಿ ಅವರಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುತ್ತೇನೆ ಎಂದೂ ಅಮೀರರು ತಿಳಿಸಿದರು. ತನ್ನಲ್ಲಿ ಧಾನ್ಯ ಮುಗಿದಾಗ ಏನನ್ನೂ ಕೇಳದೆ ಸೆರೆಯಾಳುಗಳನ್ನು ಬಿಟ್ಟದ್ದೂ ಉಂಟು. ಹೊಟ್ಟೆಗೆ ಕೊಡಲಾಗದಿದ್ದರೆ ಕಟ್ಟಿಹಾಕುವ ಹಕ್ಕಿಲ್ಲ ಎಂಬ ಲೆಕ್ಕ. ಸ್ವಿಟ್ಝರ್ಲೆಂಡಿನ ಹೆನ್ರಿ ಡ್ಯುನಾಂಟ್ ರೆಡ್ ಕ್ರಾಸ್ ಕಟ್ಟಿದ್ದು 1863ರಲ್ಲಿ, ಜಿನೀವಾ ಒಪ್ಪಂದವಾದದ್ದು 1864ರಲ್ಲಿ. ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಮಾತು ಇದು.

ಇದೆಲ್ಲ ಎಂಥ ಕಾಲದಲ್ಲಿ ಎಂಬುದನ್ನೂ ಹೇಳಬೇಕಲ್ವಾ. 1841ರಲ್ಲಿ ಜನರಲ್ ಬ್ಯೂಜೋ ಅಲ್ಜೀರಿಯಾದ ಗವರ್ನರ್ ಜನರಲ್ ಆಗಿ ಬಂದ. ಸೈನಿಕರ ಜೊತೆ ಹೋರಾಡುವುದನ್ನು ಬಿಟ್ಟು ಜನರ ಹೊಲ, ಕಣಜ, ಜಾನುವಾರುಗಳ ಮೇಲೆ ಬಿದ್ದ. ಪೈರು ಸುಟ್ಟರು, ಹಣ್ಣಿನ ಮರ ಕಡಿದರು, ಕುರಿಗಳನ್ನು ಹೊಡೆದುಕೊಂಡು ಹೋದರು. ಫ್ರೆಂಚ್ ಸೈನ್ಯದ ಸಂಖ್ಯೆ ಒಂದು ಲಕ್ಷ ದಾಟಿತು. 1845ರ ಜೂನಿನಲ್ಲಿ ದಹ್ರಾ ಬೆಟ್ಟದ ಗುಹೆಯೊಳಗೆ ಅಡಗಿದ್ದ ಒಂದು ಕಬೀಲೆಯ ನೂರಾರು ಗಂಡಸರು, ಹೆಂಗಸರು, ಮಕ್ಕಳನ್ನು ಬಾಯಿಗೆ ಬೆಂಕಿ ಹಾಕಿ ಹೊಗೆಯಲ್ಲಿ ಕೊಂದರು. ಪ್ಯಾರಿಸಿನಲ್ಲೇ ಅದರ ಬಗ್ಗೆ ಗಲಾಟೆಯಾಯಿತು. ಇಂಥವರ ಸೈನಿಕರನ್ನು ಸೆರೆ ಹಿಡಿದು ಊಟ ಹಾಕಿ ಎಂದರೆ ಮನೆಮಠ ಕಳೆದುಕೊಂಡ ಜನ ಸುಮ್ಮನೆ ಕೇಳುತ್ತಾರಾ?

ಕೇಳಲಿಲ್ಲ. ಅಮೀರರನ್ನು ಹೊಗಳುವ ಬರಹಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನಾನು ಬಿಡುವುದಿಲ್ಲ. 1845ರ ಸೆಪ್ಟೆಂಬರಿನಲ್ಲಿ ಸೀದಿ ಇಬ್ರಾಹೀಮ್ ಎಂಬಲ್ಲಿ ಅಮೀರರಿಗೆ ದೊಡ್ಡ ಗೆಲುವು ಸಿಕ್ಕಿ ಬಹಳ ಮಂದಿ ಸೆರೆಯಾದರು. ಅವರನ್ನು ಮೊರಾಕೊ ಗಡಿಯ ಪಾಳೆಯದಲ್ಲಿ ಇರಿಸಿದ್ದರು. 1846ರ ಏಪ್ರಿಲಿನಲ್ಲಿ ಅಮೀರರು ದೂರದಲ್ಲಿ ಯುದ್ಧದಲ್ಲಿದ್ದಾಗ, ಪಾಳೆಯದ ಹೊಣೆ ಹೊತ್ತಿದ್ದ ಅವರ ನೆಂಟ ಮುಸ್ತಫಾ ಬಿನ್ ತಾಮಿ ಒಂದೇ ರಾತ್ರಿ ಇನ್ನೂರಕ್ಕೂ ಹೆಚ್ಚು ಸೆರೆಯಾಳುಗಳನ್ನು ಕೊಲ್ಲಿಸಿದ. ತಿನ್ನಲು ಇರಲಿಲ್ಲ, ಕಾಯಲು ಜನ ಇರಲಿಲ್ಲ, ಶತ್ರು ಹತ್ತಿರ ಬಂದಿದ್ದ. ಕಾರಣಗಳು ಇವು. ಉಳಿದದ್ದು ಹನ್ನೊಂದು ಮಂದಿ. ಆಜ್ಞೆ ಅಮೀರರದ್ದಲ್ಲ. ಆದರೆ ಅವರ ಹೆಸರಿನ ಪಾಳೆಯದಲ್ಲಿ, ಅವರದೇ ಕಾನೂನಿಗೆ ವಿರುದ್ಧವಾಗಿ ನಡೆದುಹೋಯಿತು. ಫ್ರೆಂಚರು ಮುಂದೆ ವರ್ಷಗಟ್ಟಲೆ ಅವರ ಬಿಡುಗಡೆಯನ್ನು ತಡೆಯಲು ಇದನ್ನೇ ಎತ್ತಿ ಆಡಿದರು. ಯಜಮಾನ ಕಣ್ಣಮುಂದೆ ಇಲ್ಲದಾಗ ಒಳ್ಳೆಯ ಕಾನೂನು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಆ ರಾತ್ರಿ ಗೊತ್ತಾಯಿತು. 1860ರಲ್ಲಿ ಅಮೀರರು ಬಾಗಿಲು ಬಿಟ್ಟು ಏಳದೆ ತಾನೇ ಕುಳಿತದ್ದಕ್ಕೆ ಈ ನೆನಪೂ ಒಂದು ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ.

1847ರ ಡಿಸೆಂಬರಿನಲ್ಲಿ ಮುಂದೆ ದಾರಿಯಿಲ್ಲದೆ ಅವರು ಶರಣಾದರು. ಇನ್ನು ಹೋರಾಡಿದರೆ ಸಾಯುವುದು ತನ್ನ ಜನ ಎಂದು ಗೊತ್ತಾಗಿತ್ತು. ಅಲೆಕ್ಸಾಂಡ್ರಿಯಾಕ್ಕೋ ಅಕ್ಕಾಕ್ಕೋ ಕುಟುಂಬ ಸಮೇತ ಕಳಿಸುತ್ತೇವೆ ಎಂದು ಫ್ರೆಂಚ್ ಜನರಲ್ ಮಾತು ಕೊಟ್ಟ, ರಾಜಕುಮಾರನೂ ಒಪ್ಪಿದ. ಹಡಗು ಹೋಗಿ ನಿಂತದ್ದು ಫ್ರಾನ್ಸಿನ ತೂಲೋನ್ ಬಂದರಿನಲ್ಲಿ! ಅಲ್ಲಿಂದ ಪೋ ಎಂಬ ಊರಿನ ಕೋಟೆ, ಆಮೇಲೆ ಅಂಬ್ವಾಜ್ ಕೋಟೆ. ನೂರರಷ್ಟು ಮಂದಿಯ ಪರಿವಾರ. ಮರುಭೂಮಿಯ ಬಿಸಿಲು ಕಂಡವರು ತಣ್ಣನೆಯ ಕಲ್ಲಿನ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ಅಂಬ್ವಾಜಿನಲ್ಲಿ ಇಪ್ಪತ್ತೈದು ಮಂದಿ ತೀರಿಕೊಂಡರು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಕೋಟೆಯ ತೋಟದಲ್ಲೇ ದಫನ ಮಾಡಿದರು.

ಆ ಐದು ವರ್ಷಗಳಲ್ಲಿ ಅವರನ್ನು ನೋಡಲು ಬಂದವರು ಯಾರು ಗೊತ್ತಾ? ಒಂದು ಕಾಲದಲ್ಲಿ ಅವರ ಪಾಳೆಯದಲ್ಲಿ ಸೆರೆಯಿದ್ದ ಫ್ರೆಂಚ್ ಸೈನಿಕರು. ತಮ್ಮನ್ನು ಚೆನ್ನಾಗಿ ನೋಡಿಕೊಂಡವರಿಗೆ ಸಲಾಂ ಹೇಳಲು ಬಂದರು. ಬಿಷಪ್ ಡ್ಯುಪುಚ್ ಅಂತೂ ಅಮೀರರ ಪರವಾಗಿ ಒಂದು ಪುಸ್ತಕವನ್ನೇ ಬರೆದು 1849ರಲ್ಲಿ ಅಧ್ಯಕ್ಷ ಲೂಯಿ ನೆಪೋಲಿಯನ್‌ಗೆ ಅರ್ಪಿಸಿದರು. ಕೊನೆಗೆ 1852ರ ಅಕ್ಟೋಬರಿನಲ್ಲಿ ಲೂಯಿ ನೆಪೋಲಿಯನ್ ತಾನೇ ಅಂಬ್ವಾಜಿಗೆ ಬಂದು ಬಿಡುಗಡೆಯ ಸುದ್ದಿ ಹೇಳಿದ. ವರ್ಷಾಶನವನ್ನೂ ಕೊಟ್ಟ. ಇನ್ನು ಫ್ರೆಂಚರ ವಿರುದ್ಧ ಶಸ್ತ್ರ ಹಿಡಿಯುವುದಿಲ್ಲ ಎಂದು ಅಮೀರರು ಮಾತು ಕೊಟ್ಟರು. ತನಗೆ ಕೊಟ್ಟ ಮಾತು ಮುರಿದಿದ್ದ ದೇಶಕ್ಕೆ ಕೊಟ್ಟ ಆ ಮಾತನ್ನು ಅವರು ಸಾಯುವವರೆಗೆ ಮುರಿಯಲಿಲ್ಲ.

ಮೊದಲು ತುರ್ಕಿಯ ಬುರ್ಸಾದಲ್ಲಿ ಇದ್ದರು. ಅಲ್ಲಿ ಭೂಕಂಪವಾದ ಮೇಲೆ 1855ರ ಕೊನೆಗೆ ಶಾಮಿಗೆ, ಅಂದರೆ ದಮಾಸ್ಕಸಿಗೆ ಬಂದು ನೆಲೆಸಿದರು. ಅವರ ಹಿಂದೆಯೇ ನೂರಾರು ಅಲ್ಜೀರಿಯನ್ ಕುಟುಂಬಗಳೂ ಬಂದವು, ಹೆಚ್ಚಿನವರು ಹಳೆಯ ಯೋಧರು. ಅಮೀರರು ಉಮವೀ ಮಸೀದಿಯಲ್ಲಿ ದರ್ಸ್ ಶುರು ಮಾಡಿದರು. ಶೈಖ್ ಇಬ್ನ್ ಅರಬಿಯವರ ಗ್ರಂಥಗಳೆಂದರೆ ಅವರಿಗೆ ಪ್ರಾಣ. ಫುತೂಹಾತುಲ್ ಮಕ್ಕಿಯ್ಯಾದ ಮೂಲ ಪ್ರತಿ ಕೋನ್ಯಾದಲ್ಲಿದೆ ಎಂದು ತಿಳಿದು ಪಾಠ ತಾಳೆ ನೋಡಲು ಇಬ್ಬರು ಆಲಿಮರನ್ನು ತನ್ನ ಖರ್ಚಿನಲ್ಲಿ ಅಲ್ಲಿಗೆ ಕಳಿಸಿದರು. ಕತ್ತಿ ಮೂಲೆ ಸೇರಿತ್ತು, ಕಿತಾಬು ಕೈಗೆ ಬಂದಿತ್ತು.

ಆದರೆ ಊರು ಒಳಗೊಳಗೇ ಕುದಿಯುತ್ತಿತ್ತು. 1856ರಲ್ಲಿ ಉಸ್ಮಾನಿಯ ಸುಲ್ತಾನರು ಎಲ್ಲ ಧರ್ಮದ ಪ್ರಜೆಗಳೂ ಸಮಾನ ಎಂದು ಫರ್ಮಾನು ಹೊರಡಿಸಿದ್ದರು. ಜಿಝ್ಯಾ ಹೋಗಿ ಸೈನ್ಯಕ್ಕೆ ಸೇರದವರು ಕಟ್ಟಬೇಕಾದ ತೆರಿಗೆ ಬಂತು, ಅದನ್ನು ಕಟ್ಟುವುದರ ಬಗ್ಗೆ ಕ್ರೈಸ್ತರಲ್ಲಿ ತಕರಾರು. ಯುರೋಪಿನ ಮಾಲು ಬಂದು ಶಾಮಿನ ನೇಕಾರರ ಮಗ್ಗಗಳು ನಿಂತಿದ್ದವು. ಯುರೋಪಿನವರ ಜೊತೆ ವ್ಯಾಪಾರ ಮಾಡುವ ಕೆಲವು ಕ್ರೈಸ್ತರು ಶ್ರೀಮಂತರಾಗುತ್ತಿದ್ದರು. ಹೊಟ್ಟೆಯ ಸಿಟ್ಟಿಗೆ ಧರ್ಮದ ಬಟ್ಟೆ ತೊಡಿಸುವುದು ಎಲ್ಲ ಕಾಲದಲ್ಲೂ ನಡೆಯುತ್ತದೆ. 1860ರ ಮೇ ಜೂನಿನಲ್ಲಿ ಲೆಬನಾನಿನ ಬೆಟ್ಟಗಳಲ್ಲಿ ದ್ರೂಝ್ ಮತ್ತು ಮಾರೋನೈಟ್ ಕ್ರೈಸ್ತರ ನಡುವೆ ಕಾಳಗ ನಡೆದು ಸಾವಿರಾರು ಕ್ರೈಸ್ತರು ಸತ್ತರು. ಓಡಿ ಬಂದವರಿಂದ ದಮಾಸ್ಕಸಿನ ಕ್ರೈಸ್ತ ಕೇರಿ ತುಂಬಿತು.

ಅಮೀರರಿಗೆ ವಾಸನೆ ಬಡಿದಿತ್ತು. ಗವರ್ನರ್ ಅಹ್ಮದ್ ಪಾಶಾನ ಬಳಿ ಹೋಗಿ ಎಚ್ಚರಿಸಿದರು. ದ್ರೂಝ್ ನಾಯಕರಿಗೆ ಪತ್ರ ಬರೆದರು. ಫ್ರೆಂಚ್ ಕಾನ್ಸುಲ್ ಲಾನುಸ್ಸಿಗೆ ವಿಷಯ ತಿಳಿಸಿ, ಅವನ ಸಹಾಯದಿಂದ ತನ್ನ ಅಲ್ಜೀರಿಯನ್ನರಿಗೆ ಬಂದೂಕು ಕೊಡಿಸಿದರು. ಉಳಿದ ಕಾನ್ಸುಲರು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. ಪಾಶಾ ಎಲ್ಲ ಸರಿಯಿದೆ ಎಂದ.

ಜುಲೈ 8ರಂದು ಕೆಲವು ಹುಡುಗರು ಕ್ರೈಸ್ತ ಕೇರಿಯಲ್ಲಿ ನೆಲದ ಮೇಲೆ ಶಿಲುಬೆ ಬರೆದು ಕ್ರೈಸ್ತರು ಅದನ್ನು ತುಳಿಯುವಂತೆ ಮಾಡಿದರು. ಪಾಶಾ ಆ ಹುಡುಗರನ್ನು ಹಿಡಿಸಿ, ಮರುದಿನ ಕೈಗೆ ಸರಪಳಿ ಹಾಕಿ ಅದೇ ಬೀದಿಯನ್ನು ಗುಡಿಸಲು ಕಳಿಸಿದ. ತಿಂಗಳುಗಟ್ಟಲೆ ಏನೂ ಮಾಡದೆ ಇದ್ದು, ಮಾಡಬಾರದ ದಿನ ಮಾಡಬಾರದ್ದನ್ನು ಮಾಡಿದ. ಮುಸ್ಲಿಮ್ ಹುಡುಗರು ಸರಪಳಿಯಲ್ಲಿ ಹೋಗುವುದನ್ನು ಕಂಡು ಪೇಟೆಯಲ್ಲಿ ಕೂಗು ಎದ್ದಿತು, ಅಂಗಡಿಗಳ ಬಾಗಿಲು ಬಿದ್ದವು, ಗುಂಪು ಬಾಬ್ ತೂಮಾದ ಕಡೆ ನುಗ್ಗಿತು. ಅಂದು ಸೋಮವಾರ, ಜುಲೈ 9. ಮನೆ, ಇಗರ್ಜಿ, ಅಂಗಡಿ ಎಲ್ಲ ಸುಟ್ಟರು. ಕಾವಲಿಗಿದ್ದ ಸೈನಿಕರಲ್ಲೇ ಕೆಲವರು ಕೊಳ್ಳೆಗೆ ಇಳಿದರು. ಪಾಶಾ ಹೊರಗೆ ಬರಲಿಲ್ಲ.

ಆ ಹೊತ್ತಿಗೆ ನಗರದ ಹೊರಗಿದ್ದ ಅಮೀರರು ಸುದ್ದಿ ಕೇಳಿ ಧಾವಿಸಿ ಬಂದರು. ಅವರ ಮನೆ ಇದ್ದದ್ದು ಅಮಾರಾ ಕೇರಿಯಲ್ಲಿ, ಬರದಾ ನದಿಯ ಹತ್ತಿರ. ಕ್ರೈಸ್ತ ಕೇರಿಗೆ ಅಲ್ಲಿಂದ ದೂರವೇನಿಲ್ಲ. ಸುಮಾರು ಸಾವಿರದಷ್ಟು ಅಲ್ಜೀರಿಯನ್ನರನ್ನು ಗುಂಪು ಗುಂಪಾಗಿ ಕಳಿಸಿದರು, ತಾನೂ ಗಂಡು ಮಕ್ಕಳೂ ಬೆಂಕಿಯ ಓಣಿಗಳಿಗೆ ನಡೆದರು. ಬಂದಿರುವವನು ಅಬ್ದುಲ್ ಖಾದಿರ್, ಹೊರಗೆ ಬನ್ನಿ ಎಂದು ಹೆಸರು ಹೇಳಿ ಕೂಗುತ್ತಾ ಹೋದರು. ಅಡಗಿದ್ದವರು ಬಾಗಿಲು ತೆರೆಯಲು ಹೆದರಿದರು. ಮುಸ್ಲಿಮರ ದನಿಗೆ ಬಾಗಿಲು ತೆರೆಯುವ ಧೈರ್ಯ ಅಂದು ಯಾರಿಗಿತ್ತು? ಆದರೂ ಆ ಹೆಸರಿಗೆ ಬೆಲೆಯಿತ್ತು. ಫ್ರೆಂಚ್, ರಷ್ಯನ್, ಗ್ರೀಕ್ ಕಾನ್ಸುಲರು ಅವರ ಮನೆ ಸೇರಿದರು. ಪೆಟ್ಟು ತಿಂದು ರಕ್ತ ಸುರಿಸುತ್ತಿದ್ದ ಅಮೆರಿಕದ ಉಪಕಾನ್ಸುಲ್ ಮಿಖಾಯಿಲ್ ಮಿಶಾಖಾ ಅಮೀರರ ಜನರಿಂದಾಗಿ ಬದುಕಿದ. ಲಾಝರಿಸ್ಟ್ ಪಾದ್ರಿಗಳನ್ನೂ, ಸಿಸ್ಟರ್‌ಗಳನ್ನೂ, ಅವರ ಶಾಲೆಯ ಸುಮಾರು 400 ಮಕ್ಕಳನ್ನೂ ಅಲ್ಜೀರಿಯನ್ನರು ನಡುವೆ ಇಟ್ಟುಕೊಂಡು ನಡೆಸಿ ತಂದರು. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಮಾತ್ರ ಮಠದ ದಪ್ಪ ಗೋಡೆ ನಂಬಿ ಒಳಗೇ ಉಳಿದರು. ಆ ರಾತ್ರಿ ಎಂಟು ಸಂನ್ಯಾಸಿಗಳೂ, ಅವರ ಜೊತೆಗಿದ್ದ ಮಸ್ಸಾಬ್ಕಿ ಎಂಬ ಮೂವರು ಅಣ್ಣತಮ್ಮಂದಿರೂ ಕೊಲೆಯಾದರು.

ಮರುದಿನ ಗುಂಪು ಅಮೀರರ ಮನೆಗೇ ಬಂತು. ಒಳಗಿರುವ ಕ್ರೈಸ್ತರನ್ನು ಒಪ್ಪಿಸಿ ಎಂದು ಬೊಬ್ಬೆ. ಅಮೀರರು ಬಾಗಿಲಿಗೆ ಬಂದರು. ನಿರಪರಾಧಿಯನ್ನು ಕೊಲ್ಲುವುದು ಯಾವ ಶರೀಅತ್ತಿನಲ್ಲಿದೆ ಎಂದು ಕೇಳಿದರು. ಗುಂಪಿನವರು ಫ್ರೆಂಚರನ್ನು ಕೊಂದ ನೀನು ಈಗ ಯಾಕೆ ಅಡ್ಡ ಬರುತ್ತಿ ಎಂದು ಹಂಗಿಸಿದರು. ತಾನು ಕೊಂದದ್ದು ತನ್ನ ನಾಡಿಗೆ ಶಸ್ತ್ರ ಹಿಡಿದು ಬಂದವರನ್ನು, ಇವರನ್ನಲ್ಲ ಎಂದರು ಅಮೀರರು. ತನ್ನ ಒಬ್ಬ ಸೈನಿಕನಿಗೆ ಉಸಿರಿರುವವರೆಗೆ ಒಬ್ಬರನ್ನೂ ಮುಟ್ಟಲು ಬಿಡುವುದಿಲ್ಲ ಎಂದು ತಿಳಿಸಿ ಕುದುರೆ ತರಿಸಿದರು, ಅಲ್ಜೀರಿಯನ್ನರು ಬಂದೂಕು ಎತ್ತಿದರು. ಗುಂಪು ಕರಗಿತು. ಧರ್ಮದ ಹೆಸರಲ್ಲಿ ಬಂದ ಗುಂಪನ್ನು ಎದುರಿಸಲು ಆ ಧರ್ಮವನ್ನು ಓದಿದವನೇ ಬೇಕಾಗುತ್ತದೆ, ಮತ್ತೆ ಅವನ ಹಿಂದೆ ನಾಲ್ಕು ಬಂದೂಕೂ ಬೇಕಾಗುತ್ತದೆ. ಬರೀ ಒಂದರಿಂದ ಅಂದು ಕೆಲಸ ಆಗುತ್ತಿರಲಿಲ್ಲ.

ಆಮೇಲಿನದ್ದೇ ನಿಜವಾದ ದುಡಿಮೆ. ಸಾವಿರಾರು ಜನ ಒಂದು ಮನೆಯಲ್ಲಿ ಎಷ್ಟು ದಿನ ಇರಲು ಸಾಧ್ಯ? ಜುಲೈ ತಿಂಗಳ ಸೆಕೆ. ಕೂರಲೂ ಜಾಗವಿಲ್ಲ, ನೀರು, ಪಾಯಖಾನೆ ಯಾವುದೂ ಸಾಲದು. ಕಾಯಿಲೆ ಬರುವುದು ಖಂಡಿತ. ಅಮೀರರು ಜನರನ್ನು ನೂರು ನೂರು ಮಂದಿಯ ತಂಡ ಮಾಡಿ ಅಲ್ಜೀರಿಯನ್ನರ ಕಾವಲಿನಲ್ಲಿ ನಗರದ ಕೋಟೆಗೆ ಕಳಿಸತೊಡಗಿದರು. ಅಲ್ಲಿ ಸರಕಾರದ ಸೈನ್ಯ ಇತ್ತು. ಕೋಟೆಗೆ ಹೋಗುವುದೆಂದರೆ ಕೊಲ್ಲಿಸಲು ಒಯ್ಯುತ್ತಾರೆ ಎಂದು ಹೆಂಗಸರು ಅತ್ತರು. ಕಾನ್ಸುಲರು ಜೊತೆ ಹೋಗಿ ಧೈರ್ಯ ಹೇಳಬೇಕಾಯಿತು. ಮನೆ ಖಾಲಿಯಾದಂತೆ ಮತ್ತೆ ಹೊಸಬರು ತುಂಬಿದರು.

ಇನ್ನೂ ಎಷ್ಟೋ ಮಂದಿ ಬಾವಿಯೊಳಗೆ, ಮಾಳಿಗೆಯಲ್ಲಿ, ಯಾರ್ಯಾರದೋ ಕೈಯಲ್ಲಿ ಸಿಕ್ಕಿಬಿದ್ದಿದ್ದರು. ಅವರನ್ನೆಲ್ಲ ಹುಡುಕಲು ಅಮೀರರಲ್ಲಿ ಅಷ್ಟು ಜನ ಇರಲಿಲ್ಲ. ಆಗ ಅವರು ಡಂಗುರ ಸಾರಿಸಿದರು. ಜೀವಂತ ಕ್ರೈಸ್ತನೊಬ್ಬನನ್ನು ತನ್ನ ಮನೆಗೆ ತಂದು ಒಪ್ಪಿಸಿದವನಿಗೆ 50 ಪಿಯಾಸ್ತ್ರ. ಮನೆಯ ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ, ಪಕ್ಕದಲ್ಲಿ ಹಣದ ಚೀಲ ಇಟ್ಟು ಕುಳಿತರು. ತಂದವನಿಗೆ ಎಣಿಸಿ ಕೊಡುವುದು, ಬಂದವನನ್ನು ಒಳಗೆ ಕಳಿಸುವುದು. ನಿದ್ದೆ ಬಂದಾಗ ಅದೇ ಚಾಪೆಯ ಮೇಲೆ ಸ್ವಲ್ಪ ಒರಗುವುದು. ದಿನಗಟ್ಟಲೆ ಹೀಗೇ ನಡೆಯಿತು. ಕೊಳ್ಳೆಗೆ ಇಳಿದವನೇ ಹಣದ ಆಸೆಗೆ ಒಬ್ಬನ ಜೀವ ಉಳಿಸಿ ತಂದದ್ದೂ ಇರಬೇಕು. ಅವನ ನಿಯ್ಯತ್ತು ಏನಿತ್ತು ಎಂದು ಅಮೀರರು ವಿಚಾರಿಸಲು ಹೋಗಲಿಲ್ಲ. ಮಸ್ಕರದ ಬಯಲಿನಲ್ಲಿ ಸೆರೆಯಾಳಿಗೆ ಕಟ್ಟಿದ ಬೆಲೆಯನ್ನೇ ಇಲ್ಲಿ ನೆರೆಯವನಿಗೆ ಕಟ್ಟಿದರು. ಅಂದು ಅವರು ದೊರೆ, ಸೈನ್ಯ ಇತ್ತು. ಇಂದು ಬೇರೆ ದೇಶದ ನೆರಳಲ್ಲಿ ಬದುಕುವ ಮುಹಾಜಿರ್.

ಅವರೊಬ್ಬರೇ ಅಲ್ಲ ಎಂಬುದನ್ನೂ ಇಲ್ಲಿ ಬರೆಯದಿದ್ದರೆ ಶಾಮಿನವರಿಗೆ ಅನ್ಯಾಯ. ನಗರದ ದಕ್ಷಿಣದ ಮೈದಾನ್ ಕೇರಿಯಲ್ಲಿ ಸಾಲಿಹ್ ಆಗಾ ಮಹಾಯಿನಿ, ಉಮರ್ ಆಬಿದ್ ಮುಂತಾದ ಹಿರಿಯರು ತಮ್ಮ ಕೇರಿಯ ಕ್ರೈಸ್ತರನ್ನು ಮುಟ್ಟಲು ಬಿಡಲಿಲ್ಲ. ಆಲಿಮರಾದ ಮಹ್ಮೂದ್ ಹಮ್ಝಾ ತನ್ನ ಮನೆಯಲ್ಲಿ ಆಶ್ರಯ ಕೊಟ್ಟರು, ಅವರು ಮುಂದೆ ಶಾಮಿನ ಮುಫ್ತಿಯಾದರು. ಹೆಸರು ದಾಖಲಾಗದೆ ಒಬ್ಬಿಬ್ಬರನ್ನು ಹಿತ್ತಿಲಲ್ಲಿ ಅಡಗಿಸಿಟ್ಟ ಸಾಮಾನ್ಯ ಮನೆಗಳೂ ಇದ್ದವು. ಸತ್ತವರು ಸಾವಿರಾರು ಮಂದಿ. ಅಮೀರರ ಕೈಯಿಂದ ಉಳಿದವರು 12 ಸಾವಿರ ಎಂದು ಆ ಕಾಲದವರು ಲೆಕ್ಕ ಹಾಕಿದರು.

ಗಲಭೆ ನಿಂತ ಮೇಲೂ ಕೋಟೆಯಲ್ಲಿದ್ದವರಿಗೆ ಮನೆ ಇರಲಿಲ್ಲ. ಸುಟ್ಟ ಕೇರಿಗೆ ಮರಳುವಂತಿಲ್ಲ. ಬೈರೂತಿಗೆ ಹೋಗಬೇಕೆಂದವರನ್ನು ಅಲ್ಜೀರಿಯನ್ ಸವಾರರು ಬೆಟ್ಟದ ದಾರಿಯುದ್ದಕ್ಕೂ ಕಾವಲು ನಿಂತು ತಲುಪಿಸಿದರು. ಬೈರೂತಿನಲ್ಲಿ ಪರಿಹಾರ ಸಮಿತಿಗಳು ಹುಟ್ಟಿಕೊಂಡಿದ್ದವು, ಯುರೋಪು ಅಮೆರಿಕಗಳಿಂದ ಹಣ, ಬಟ್ಟೆ ಬರುತ್ತಿತ್ತು. ಸುಲ್ತಾನರು ಫುಆದ್ ಪಾಶಾನನ್ನು ಕಳಿಸಿದರು. ನೂರಕ್ಕೂ ಹೆಚ್ಚು ಮಂದಿಗೆ ಮರಣದಂಡನೆ, ಊರಿನ ಮೇಲೆ ದಂಡ, ಗವರ್ನರ್ ಅಹ್ಮದ್ ಪಾಶಾನಿಗೂ ಸೆಪ್ಟೆಂಬರಿನಲ್ಲಿ ಗುಂಡು. ಫ್ರಾನ್ಸ್ ಆರು ಸಾವಿರ ಸೈನಿಕರನ್ನು ಬೈರೂತಿಗೆ ಇಳಿಸಿತು. ಅಮೀರರನ್ನೇ ಶಾಮಿನ ದೊರೆ ಮಾಡಿದರೆ ಹೇಗೆ ಎಂಬ ಮಾತು ಪ್ಯಾರಿಸಿನಲ್ಲಿ ಎದ್ದಿತು. ಅಮೀರರು ಬೇಡವೆಂದರು. ಜನ ಉಳಿಸಿದ್ದಕ್ಕೆ ಸಿಂಹಾಸನ ತೆಗೆದುಕೊಂಡಿದ್ದರೆ ಆ ಚಾಪೆಯ ಅರ್ಥವೇ ಬೇರೆಯಾಗುತ್ತಿತ್ತು.

ಪದಕಗಳಂತೂ ರಾಶಿ ಬಂದವು. ಫ್ರಾನ್ಸಿನ ಲೀಜನ್ ಆಫ್ ಆನರ್, ಪೋಪ್ ಒಂಬತ್ತನೇ ಪಿಯುಸ್ ಕೊಟ್ಟ ಪದವಿ, ಸುಲ್ತಾನರ ಮಜೀದಿಯ್ಯಾ, ರಷ್ಯಾದ್ದು, ಗ್ರೀಸಿನದ್ದು. ಅಮೆರಿಕದ ಅಧ್ಯಕ್ಷ ಲಿಂಕನ್ ಒಂದು ಜೊತೆ ಪಿಸ್ತೂಲು ಕಳಿಸಿದರು. ಆಯೋವಾ ರಾಜ್ಯದಲ್ಲಿ ಎಲ್‌ಕೇಡರ್ ಎಂಬ ಊರೊಂದಿದೆ. ಅದು ಅಮೀರರ ಹೆಸರೇ, ಅವರು ಇನ್ನೂ ಫ್ರೆಂಚರ ಜೊತೆ ಹೋರಾಡುತ್ತಿದ್ದ 1846ರಲ್ಲೇ ಇಟ್ಟದ್ದು. ಇವೆಲ್ಲಕ್ಕಿಂತ ಅವರಿಗೆ ಹತ್ತಿರವಾದದ್ದು ಒಂದು ಪತ್ರ ಇರಬೇಕು. ಕಾಕಸಸ್ ಬೆಟ್ಟಗಳಲ್ಲಿ ರಷ್ಯನ್ನರ ವಿರುದ್ಧ ಹೋರಾಡಿ ಸೆರೆಯಾಗಿದ್ದ ಇಮಾಮ್ ಶಾಮಿಲ್ ತನ್ನ ಸೆರೆಯಿಂದಲೇ ಅವರಿಗೆ ಬರೆದು, ಪ್ರವಾದಿಯವರ (ಸ.ಅ.) ಮಾತನ್ನು ನಡೆಸಿ ತೋರಿಸಿದಿರಿ ಎಂದು ಸಂತೋಷಪಟ್ಟರು. ಅಲ್ಜಿಯರ್ಸಿನ ಬಿಷಪ್ ಪಾವಿಯವರಿಗೆ 1862ರಲ್ಲಿ ಬರೆದ ಉತ್ತರದಲ್ಲಿ ಅಮೀರರು ತಾನು ಮಾಡಿದ್ದು ಇಸ್ಲಾಮಿನ ಕಾನೂನು ಹೇಳಿದ್ದನ್ನು, ಮನುಷ್ಯರಿಗೆ ಸಲ್ಲಬೇಕಾದ ಹಕ್ಕನ್ನು ಮಾತ್ರ ಎಂದು ತಿಳಿಸಿದರು. ಉಪಕಾರ ಎಂಬ ಲೆಕ್ಕದಲ್ಲಿ ಅವರು ಅದನ್ನು ಬರೆಯಲೇ ಇಲ್ಲ.

ಫ್ರೆಂಚರ ವರ್ಷಾಶನ ತಿಂದವರು, ಅವರ ಪದಕ ಎದೆಗೆ ಹಾಕಿಕೊಂಡವರು ಎಂದು ಅಮೀರರನ್ನು ದೂರುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಹಣದಲ್ಲಿ ನೂರಾರು ಅಲ್ಜೀರಿಯನ್ ಕುಟುಂಬಗಳ ಒಲೆ ಉರಿಯಿತು, 50 ಪಿಯಾಸ್ತ್ರದ ಚೀಲವೂ ತುಂಬಿತು. ಓದುಗರೇ ತೂಗಿ ನೋಡಲಿ.

ಉಳಿದ ವರ್ಷಗಳು ದರ್ಸ್, ಇಬಾದತ್ತುಗಳಲ್ಲಿ ಕಳೆದವು. 1863ರಲ್ಲಿ ಮತ್ತೆ ಹಜ್ಜಿಗೆ ಹೊರಟು ಹರಮಿನಲ್ಲಿ ತಿಂಗಳುಗಟ್ಟಲೆ ಉಳಿದರು. 1869ರಲ್ಲಿ ಸುಯೆಝ್ ಕಾಲುವೆ ತೆರೆಯುವಾಗ ಅತಿಥಿಯಾಗಿ ಹೋಗಿದ್ದರು. ದರ್ಸಿನಲ್ಲಿ ಹೇಳಿದ್ದೆಲ್ಲ ಕಿತಾಬುಲ್ ಮವಾಖಿಫ್ ಎಂಬ ದೊಡ್ಡ ಗ್ರಂಥವಾಯಿತು. 1883ರ ಮೇ 26ರಂದು ದಮಾಸ್ಕಸಿನ ಹತ್ತಿರದ ದುಮ್ಮರ್ ಎಂಬಲ್ಲಿ ತೀರಿಕೊಂಡರು. ಮಯ್ಯತ್ತನ್ನು ಸಾಲಿಹಿಯ್ಯಾ ಬೆಟ್ಟದ ಬುಡದಲ್ಲಿ, ಅವರ ಪ್ರೀತಿಯ ಶೈಖ್ ಇಬ್ನ್ ಅರಬಿಯವರ ಪಕ್ಕದಲ್ಲೇ ದಫನ ಮಾಡಿದರು.

1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ನಾಲ್ಕು ವರ್ಷದ ನಂತರ ಅವರ ಅವಶೇಷಗಳನ್ನು ಶಾಮಿನಿಂದ ತಂದು ಅಲ್ಜಿಯರ್ಸಿನ ಆಲಿಯಾ ಖಬರಸ್ತಾನದಲ್ಲಿ ಮತ್ತೆ ಮಣ್ಣು ಮಾಡಿದರು. ಅಂಬ್ವಾಜಿನ ತೋಟದಲ್ಲಿ ಮಲಗಿದ ಇಪ್ಪತ್ತೈದು ಮಂದಿ ಅಲ್ಲೇ ಇದ್ದಾರೆ. 2005ರಲ್ಲಿ ಅಲ್ಜೀರಿಯಾದ ಕಲಾವಿದ ರಶೀದ್ ಖುರೈಶಿ ಅವರ ನೆನಪಿಗೆ ಅಲ್ಲಿ 25 ಕಲ್ಲುಗಳನ್ನು ನಿಲ್ಲಿಸಿದರು.